ದೊರೆತ ಸ್ಥಾನ ಮತ್ತು ನಿದಾನಶಲ್ಯ

ಯಾವುದೇ ವ್ರತವನ್ನು ಸ್ವೀಕರಿಸುವ ಮುನ್ನ ಶ್ರಾವಕನು ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಬೇಕಾಗುತ್ತದೆ: ಉದ್ದೇಶವೇನು, ಶಕ್ತಿ ಎಷ್ಟು, ಕಾಲಮರ್ಯಾದೆ ಯಾವುದು. ಅಷ್ಟಮಿ-ಚತುರ್ದಶಿಗಳ ಪ್ರೋಷಧೋಪವಾಸವಾಗಲಿ, ದಶಲಕ್ಷಣ ಪರ್ವದ ಏಕಾಶನವಾಗಲಿ, ಈ ವಿಚಾರವಿಲ್ಲದೆ ಕೈಕೊಂಡದ್ದು ನಡುದಾರಿಯಲ್ಲಿ ಮುರಿಯುತ್ತದೆ. ಮುರಿಯದೆ ಉಳಿದರೂ ಮನಸ್ಸನ್ನು ಕಲುಷಿತಗೊಳಿಸುತ್ತದೆ. ಬಸದಿಯ ಮುಂದೆ ಕೈಮುಗಿದು ನಿಂತಾಗ ಮಾತ್ರ ಈ ಪ್ರಶ್ನೆಗಳು ಏಳಬೇಕೆಂಬ ನಿಯಮವೇನೂ ಇಲ್ಲ. ಗೃಹಸ್ಥನ ಬಾಳಿನಲ್ಲಿ ದೀರ್ಘಕಾಲದ ಬದ್ಧತೆಯನ್ನು ಬೇಡುವ ಪ್ರತಿಯೊಂದು ನಿರ್ಧಾರವೂ ಒಂದು ಬಗೆಯ ವ್ರತಸ್ವೀಕಾರವೇ ಆಗಿದೆ.

ಅಂಥ ನಿರ್ಧಾರವೊಂದು ಈಚಿನ ವರ್ಷಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಮನೆಗಳನ್ನು ಮಳೆಗಾಲದ ನಡುವೆ ಕಾಡುತ್ತಿದೆ. ನೀಟ್ ಪರೀಕ್ಷೆಯ ಫಲಿತಾಂಶ ಬಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಸುತ್ತುಗಳು ಆರಂಭವಾದಾಗ, ದೊರೆತ ವೈದ್ಯಕೀಯ ಸೀಟನ್ನು ಸ್ವೀಕರಿಸುವುದೋ, ಅಥವಾ ಅದನ್ನು ಬಿಟ್ಟು ಇನ್ನೊಂದು ವರ್ಷ ಓದಿ, ಮರಳಿ ಪರೀಕ್ಷೆ ಬರೆದು, ಬೇರೆ ಕಾಲೇಜನ್ನು ಅರಸುವುದೋ ಎಂಬ ಪ್ರಶ್ನೆ ಅದು. ಹೊಸನಗರ ತಾಲ್ಲೂಕಿನ ಒಂದು ಮನೆಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಎರಡು ಎಕರೆ ಅಡಿಕೆ ತೋಟ, ಓದಿನಲ್ಲಿ ಮುಂದಿರುವ ಮಗಳು. ಅವಳಿಗೆ ದೊರೆತದ್ದು ಕೊಪ್ಪಳದ ಸರ್ಕಾರಿ ಕಾಲೇಜು; ಮನೆಯವರೆಲ್ಲ ನಿರೀಕ್ಷಿಸಿದ್ದು ಮೈಸೂರು ಅಥವಾ ಬೆಂಗಳೂರು. ಸೇರಿಬಿಡಲಿ ಎಂಬುದು ತಂದೆಯ ಮಾತು. ಇನ್ನೊಂದು ವರ್ಷ ಮಂಗಳೂರಿಗೋ ಮೂಡುಬಿದಿರೆಗೋ ಹೋಗಿ ದೀರ್ಘಾವಧಿ ತರಬೇತಿ ಪಡೆದರೆ ದೊಡ್ಡ ಕಾಲೇಜೇ ಸಿಕ್ಕೀತು ಎಂಬುದು ದೊಡ್ಡಪ್ಪನ ಮಾತು. ಅಜ್ಜಿ ಆಗಲೇ ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತಿದ್ದಾರೆ. ಹುಡುಗಿ ಮೌನವಾಗಿದ್ದಾಳೆ. ಉತ್ತರ ಕೊಡಬೇಕಾದ ಗಡುವು ಎರಡು ದಿನ.

ಇದು ಕೇವಲ ಲೌಕಿಕ ವ್ಯವಹಾರ, ಇದಕ್ಕೂ ಧರ್ಮವಿಚಾರಕ್ಕೂ ಏನು ಸಂಬಂಧ ಎಂದು ಕೇಳುವವರು ಇರಬಹುದು. ಅಂಥವರು ಜೈನ ಪರಂಪರೆಯಲ್ಲಿ ವೈದ್ಯಕ್ಕಿರುವ ಸ್ಥಾನವನ್ನು ನೆನೆಯಬೇಕು. ಶ್ರಾವಕನ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅದಕ್ಕೆ ವೃಷಭಸೇನೆಯೆಂಬ ಸ್ತ್ರೀಯನ್ನೇ ಆದರ್ಶವಾಗಿ ನಿಲ್ಲಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ರಚಿಸಿದ ಕಲ್ಯಾಣಕಾರಕವು ಮಾಂಸ, ಮದ್ಯ, ಮಧುಗಳಿಲ್ಲದ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನೂ, ಕೀರ್ತಿವರ್ಮನು ಗೋವೈದ್ಯವನ್ನೂ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ಖಗೇಂದ್ರಮಣಿದರ್ಪಣವನ್ನೂ ರಚಿಸಿದರು. ಇವರೆಲ್ಲರೂ ಜೈನರು. ರೋಗಿಯ ಉಪಚಾರವನ್ನು ದಾನವೆಂದು ಎಣಿಸಿದ ಸಮಾಜಕ್ಕೆ, ಆ ದಾನಕ್ಕೆ ಸಿದ್ಧಳಾಗಲು ಹೊರಟ ಮಗಳ ಪ್ರಶ್ನೆ ಹೊರಗಿನದಾಗಲಾರದು.

ಶಾಸ್ತ್ರದ ಎರಡು ಧ್ವನಿಗಳು

ದೊರೆತದ್ದರಲ್ಲಿ ತೃಪ್ತಿ ಪಡೆಯುವುದೇ ಧರ್ಮವೆಂದು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡುವುದು ಸುಲಭ. ಆದರೆ ಶಾಸ್ತ್ರವು ಅಷ್ಟು ಸುಲಭವಾದ ಉತ್ತರವನ್ನು ಕೊಡುವುದಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉಪದೇಶದ ಕ್ರಮವನ್ನು ವಿವರಿಸುತ್ತ, ಮುನಿಧರ್ಮವನ್ನು ಹೇಳದೆ ಮೊದಲೇ ಗೃಹಸ್ಥಧರ್ಮವನ್ನು ಉಪದೇಶಿಸುವ ಗುರುವನ್ನು ದೋಷಿಯೆಂದು ಕರೆದಿದ್ದಾರೆ. ಬಹುದೂರ ನಡೆಯುವ ಉತ್ಸಾಹವುಳ್ಳ ಶಿಷ್ಯನು ಅಂಥ ಗುರುವಿನ ದೆಸೆಯಿಂದ ಕೆಳಗಿನ ಮೆಟ್ಟಿಲಲ್ಲಿಯೇ ಸಂತುಷ್ಟನಾಗಿ ವಂಚಿತನಾಗುತ್ತಾನೆ ಎಂಬುದು ಅವರ ಅಭಿಪ್ರಾಯ. ಸಾಮರ್ಥ್ಯವಿದ್ದವಳನ್ನು ಇಷ್ಟರಲ್ಲೇ ತೃಪ್ತಳಾಗು ಎಂದು ತಡೆಯುವುದು ಹಿರಿಯರ ಪಾಲಿಗೆ ದೋಷವೇ ಸರಿ.

ಇನ್ನೊಂದು ಧ್ವನಿಯೂ ಇದೆ. ಶ್ರಾವಕನ ಹನ್ನೊಂದು ಪ್ರತಿಮೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ. ಕೆಳಗಿನದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕೈಚಾಚಬೇಕು. ಮಹಾವ್ರತ ದೊರೆಯುವವರೆಗೆ ಅಣುವ್ರತವನ್ನೂ ಹಿಡಿಯೆನು ಎಂದು ಹಟ ತೊಟ್ಟವನು ಕೊನೆಯವರೆಗೂ ಅವ್ರತಿಯಾಗಿಯೇ ಉಳಿಯುತ್ತಾನೆ.

ಈ ಎರಡೂ ಧ್ವನಿಗಳು ಸತ್ಯವಾಗಿರುವಾಗ, ಯಾವುದು ಎಲ್ಲಿ ಅನ್ವಯಿಸುತ್ತದೆಂಬುದನ್ನು ನೋಡಬೇಕು. ಕೊಪ್ಪಳದ ಸೀಟಿಗೂ ಮೈಸೂರಿನ ಸೀಟಿಗೂ ಇರುವ ಅಂತರ ಅಣುವ್ರತಕ್ಕೂ ಮಹಾವ್ರತಕ್ಕೂ ಇರುವ ಅಂತರವೇ? ಅಲ್ಲ. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಹುಟ್ಟಿದ್ದು, ಕೊಪ್ಪಳದ್ದು 2015ರಲ್ಲಿ. ಆದರೆ ಎರಡು ಕಡೆಯೂ ಕೊಡುವುದು ಎಂ.ಬಿ.ಬಿ.ಎಸ್. ಪದವಿಯನ್ನೇ, ಪಠ್ಯಕ್ರಮವನ್ನು ನಿರ್ಣಯಿಸುವುದು ಒಂದೇ ರಾಷ್ಟ್ರೀಯ ವೈದ್ಯಕೀಯ ಆಯೋಗ, ಪರೀಕ್ಷೆ ನಡೆಸುವುದು ಒಂದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹಳೆಯ ಕಾಲೇಜುಗಳಲ್ಲಿ ದೊಡ್ಡ ಆಸ್ಪತ್ರೆ, ಹೆಚ್ಚು ರೋಗಿಗಳು, ಅನುಭವಿ ಅಧ್ಯಾಪಕರು ಇರುತ್ತಾರೆಂಬುದು ನಿಜ, ಅದನ್ನು ಮರೆಮಾಚಬೇಕಿಲ್ಲ. ಆದರೂ ಅದು ಒಂದೇ ವ್ರತವನ್ನು ಎರಡು ಬಸದಿಗಳಲ್ಲಿ ಸ್ವೀಕರಿಸುವುದಕ್ಕಿರುವ ವ್ಯತ್ಯಾಸವೇ ಹೊರತು ವ್ರತದ ವ್ಯತ್ಯಾಸವಲ್ಲ.

ವೈದ್ಯಳಾಗಬೇಕೆಂದು ಹೊರಟವಳಿಗೆ ದಂತವೈದ್ಯಕೀಯವೋ ಮತ್ತಾವುದೋ ಶಿಕ್ಷಣವೋ ದೊರೆತು, ಮನೆಯವರು ಅದನ್ನೇ ಒಪ್ಪಿಕೊ ಎಂದು ಒತ್ತಾಯಿಸಿದರೆ ಆಗ ವ್ರತವೇ ಬೇರೆ. ಆ ಶಿಕ್ಷಣಗಳು ಕೀಳೆಂದಲ್ಲ. ತನ್ನದಲ್ಲದ ವ್ರತವನ್ನು ಅರೆಮನಸ್ಸಿನಿಂದ ಹಿಡಿದವಳು ಅದಕ್ಕೂ ನ್ಯಾಯ ಸಲ್ಲಿಸಲಾರಳು, ತನಗೂ ಸಲ್ಲಿಸಲಾರಳು. ಅಮೃತಚಂದ್ರಾಚಾರ್ಯರ ಎಚ್ಚರಿಕೆ ಸಲ್ಲುವುದು ಅಂಥ ಸಂದರ್ಭಕ್ಕೆ. ಮರಳಿ ಯತ್ನಿಸಲು ಅಲ್ಲಿ ನೈಜವಾದ ಕಾರಣವಿದೆ.

ಉದ್ದೇಶ

ತತ್ತ್ವಾರ್ಥಸೂತ್ರವು ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ವಿಧಿಸುತ್ತದೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ನಿದಾನವು ಫಲದ ಆಸೆ: ತಪಸ್ಸನ್ನು ತಪಸ್ಸಿಗಾಗಿ ಮಾಡದೆ, ಅದರಿಂದ ಬರಬಹುದಾದ ಭೋಗ, ಪದವಿ, ಕೀರ್ತಿಗಳಿಗೆ ಮಾರಿಕೊಳ್ಳುವುದು. ಹೊರಗಿನಿಂದ ನೋಡಿದರೆ ನಿದಾನವುಳ್ಳ ಉಪವಾಸಕ್ಕೂ ನಿರ್ಮಲವಾದ ಉಪವಾಸಕ್ಕೂ ಭೇದ ಕಾಣದು. ಮುಳ್ಳು ಒಳಗಿರುತ್ತದೆ.

ಮರುಪರೀಕ್ಷೆಯ ಸಂಕಲ್ಪಕ್ಕೂ ಈ ಒರೆಗಲ್ಲು ಸಲ್ಲುತ್ತದೆ. ಬಯಸುತ್ತಿರುವುದು ವಿದ್ಯೆಯನ್ನೋ, ಕಾಲೇಜಿನ ಹೆಸರನ್ನೋ? ಆ ದೊಡ್ಡ ಕಾಲೇಜಿನಲ್ಲಿ ದೊರೆಯುವ, ಇಲ್ಲಿ ದೊರೆಯದ ಕಲಿಕೆ ಯಾವುದೆಂದು ಆ ಹುಡುಗಿ ಖಚಿತವಾಗಿ ಹೇಳಬಲ್ಲಳೇ? ನೆಂಟರಿಷ್ಟರು ಸೇರುವ ಮದುವೆಯ ಚಪ್ಪರದಲ್ಲಿ ಕಾಲೇಜಿನ ಹೆಸರನ್ನು ಯಾರೂ ಕೇಳುವುದಿಲ್ಲವೆಂದು ಮೊದಲೇ ಖಚಿತವಾಗಿದ್ದರೆ, ಆಗಲೂ ಒಂದು ವರ್ಷವನ್ನು ಅದಕ್ಕಾಗಿ ಕಳೆಯಲು ಅವಳು ಸಿದ್ಧಳೇ? ಈ ಕೊನೆಯ ಪ್ರಶ್ನೆಗೆ ಹೌದೆಂದು ಉತ್ತರಿಸಬಲ್ಲವಳ ಆಸೆಯಲ್ಲಿ ಮುಳ್ಳಿಲ್ಲ. ಉತ್ತರಿಸಲು ತಡವರಿಸುವವಳು ತನ್ನನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಈ ಒರೆಗಲ್ಲಿಗೆ ಹಿರಿಯರೂ ಒಳಗಾಗತಕ್ಕದ್ದು. ಕರ್ಮಬಂಧವು ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಿಂದಲೂ ಆಗುತ್ತದೆಂದು ಸಿದ್ಧಾಂತ. ಮಾಡಿದವನಷ್ಟೇ ಮಾಡಿಸಿದವನೂ, ಸಮ್ಮತಿಸಿದವನೂ ಹೊಣೆ. ದೊಡ್ಡಪ್ಪನ ಮಾತಿನಲ್ಲಿ ಸ್ನೇಹವೂ ಇರಬಹುದು, ಮಾನಕಷಾಯವೂ ಇರಬಹುದು. ಎಷ್ಟು ಪಾಲು ಯಾವುದೆಂದು ಅವರೇ ನೋಡಿಕೊಳ್ಳಬೇಕು. ಹಿರಿಯರು ಸಂಕಲ್ಪ ಮಾಡಿ ಮಗುವಿನಿಂದ ಉಪವಾಸ ಮಾಡಿಸುವುದು ಎಂಥ ಅನ್ಯಾಯವೋ, ಹಿರಿಯರ ಆಸೆಗಾಗಿ ಹದಿನೆಂಟರ ಹುಡುಗಿ ಇನ್ನೊಂದು ವರ್ಷ ಕೋಣೆಯೊಳಗೆ ಬಾಗಿಲಿಕ್ಕಿ ಓದುವುದೂ ಅಂಥದೇ. ಅಂತೆಯೇ ಹೊಂಬುಜದ ಹರಕೆಯಲ್ಲಿ ಮಗುವಿಗೆ ವಿವೇಕವನ್ನೂ ಸ್ಥೈರ್ಯವನ್ನೂ ಬೇಡುವುದು ಭಕ್ತಿ; ಇಂಥ ಕಾಲೇಜೇ ಆಗಬೇಕೆಂದು ಕರಾರು ಹಾಕುವುದು ನಿದಾನ.

ಶಕ್ತಿ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೆಸರಿಸುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸೇರಿಸಲಾಗಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಈ ವಿಷಯದಲ್ಲಿ ಶಕ್ತಿ ಎರಡು ಬಗೆ: ಮನಸ್ಸಿನದು ಮತ್ತು ಹಣದ್ದು.

ಮನಸ್ಸಿನ ಶಕ್ತಿಯನ್ನು ಅಳೆಯುವಾಗ ನೀಟ್ ಪರೀಕ್ಷೆಯ ಸ್ವಭಾವವನ್ನು ಅರಿತಿರಬೇಕು. 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ನಷ್ಟ. ಹೆಚ್ಚು ಓದಿದವರಿಗೆ ಹೆಚ್ಚು ಅಂಕ ಬಂದೇ ತೀರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿ 720ಕ್ಕೆ 720 ಪಡೆದರು; 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ದೇಶಕ್ಕೆ ಪ್ರಥಮಸ್ಥಾನ ಪಡೆದವರ ಅಂಕವೇ 686. ಹಾಗಿರುವಾಗ, ಈ ವರ್ಷ ಇಷ್ಟು ಬಂತು, ಬರುವ ವರ್ಷ ಇನ್ನಷ್ಟು ಎಂಬ ಎಣಿಕೆಯು ಅಡಿಕೆಯ ಈ ವರ್ಷದ ಧಾರಣೆಯನ್ನು ನಂಬಿ ಬರುವ ವರ್ಷಕ್ಕೆ ಸಾಲ ಮಾಡಿದಂತೆ. ಫಲ ತಪ್ಪಿದರೂ ಸಮತೆ ಕೆಡದಷ್ಟು ಬಲ ಆ ಮನಸ್ಸಿಗಿದೆಯೇ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಹಣದ ಶಕ್ತಿಯ ಪ್ರಶ್ನೆ ಖಾಸಗಿ ಕಾಲೇಜುಗಳಲ್ಲಿ ತೀವ್ರವಾಗುತ್ತದೆ. ಅದಕ್ಕೆ ಕರ್ನಾಟಕದಲ್ಲಿಯೇ ಒಂದು ಚರಿತ್ರೆಯಿದೆ. ರಾಜ್ಯವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಆದರೆ 1989ರ ಸರ್ಕಾರಿ ಅಧಿಸೂಚನೆಯ ಮೇರೆಗೆ ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಶುಲ್ಕ ನಿಗದಿಯಾಗಿತ್ತು. 1991ರಲ್ಲಿ ತುಮಕೂರಿನ ಖಾಸಗಿ ಕಾಲೇಜೊಂದಕ್ಕೆ ಸೇರಲು ಬಯಸಿದ ಮೀರತ್ತಿನ ಮೋಹಿನಿ ಜೈನ್ ಅಷ್ಟು ಹಣವನ್ನು ತೆರಲಾಗದೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕ್ಯಾಪಿಟೇಷನ್ ಶುಲ್ಕ ನ್ಯಾಯಬಾಹಿರವೆಂದು 1992ರಲ್ಲಿ ತೀರ್ಪು ಬಂದಿತು. 1993ರ ಇನ್ನೊಂದು ತೀರ್ಪು ಅದನ್ನು ಮಾರ್ಪಡಿಸಿ, ಶುಲ್ಕ ತೆರುವ ಸೀಟುಗಳಿಗೆ ಬೇರೊಂದು ವ್ಯವಸ್ಥೆ ಮಾಡಿತು. ಇಂದು ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಕೋಟಾದ ಸೀಟಿಗೆ ವರ್ಷಕ್ಕೆ ಹಲವು ಲಕ್ಷ ರೂಪಾಯಿ ತೆರಬೇಕಾಗುತ್ತದೆ.

ತೋಟವನ್ನು ಅಡವಿಟ್ಟು ಅಂಥ ಸೀಟನ್ನು ಪಡೆಯುವುದಕ್ಕಿಂತ ಒಂದು ವರ್ಷ ಕಾದು ಸರ್ಕಾರಿ ಸೀಟಿಗೆ ಯತ್ನಿಸುವುದು ಅನೇಕ ಮನೆಗಳಿಗೆ ವಿವೇಕದ ಮಾರ್ಗವಾದೀತು. ಸಾಲದ ಹೊರೆಯಿಂದ ವೈದ್ಯಳಾದವಳು ರೋಗಿಯನ್ನು ನೋಡುವಾಗ ಆ ಸಾಲವೂ ಪಕ್ಕದಲ್ಲಿ ಕುಳಿತಿರುತ್ತದೆ. ಪರಿಗ್ರಹಪರಿಮಾಣ ವ್ರತವುಳ್ಳ ಮನೆಯಲ್ಲಿ, ಮಿತಿಯನ್ನು ಮೀರಿ ಗಳಿಸಲೇಬೇಕಾದ ಸ್ಥಿತಿಗೆ ಮಗಳನ್ನು ತಳ್ಳುವುದು ಆ ವ್ರತಕ್ಕೇ ವಿರುದ್ಧ. ಕೊಪ್ಪಳದ ಸರ್ಕಾರಿ ಸೀಟಿಗೆ ಈ ದೋಷ ತಗಲದು ಎಂಬುದನ್ನು ನಿದರ್ಶನದ ಮನೆಯವರು ಮರೆಯಬಾರದು.

ಕಾಲಮರ್ಯಾದೆ

ಬಿಟ್ಟು ಮರಳಿ ಹಿಡಿಯುವುದು ಧರ್ಮಕ್ಕೆ ಅಪರಿಚಿತವಲ್ಲ. ಸಮಂತಭದ್ರಾಚಾರ್ಯರಿಗೆ ಭಸ್ಮಕ ರೋಗ ಬಂದ ಕಥೆ ಶ್ರಾವಕರ ಮನೆಗಳಲ್ಲಿ ಪ್ರಸಿದ್ಧವಾಗಿದೆ. ಎಷ್ಟು ಉಂಡರೂ ಇಂಗದ ಹಸಿವಿನಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಕ್ಕೆ ಮಹತ್ತಾದ ಪ್ರಯೋಜನವಾಗಲಿರುವುದನ್ನು ಕಂಡು, ಮುನಿವೇಷವನ್ನು ತ್ಯಜಿಸಿ ರೋಗವನ್ನು ನಿವಾರಿಸಿಕೊಂಡು ಮರಳಿ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಅವರು ಹಾಗೆಯೇ ಮಾಡಿದರು. ಈ ಕಥೆಯಲ್ಲಿ ತ್ಯಜಿಸಲು ಖಚಿತವಾದ ಕಾರಣವಿದೆ, ಹಿರಿಯರ ಆಜ್ಞೆಯಿದೆ, ಮರಳಿ ಬರುವ ನಿಶ್ಚಯವಿದೆ. ಈ ಮೂರೂ ಇಲ್ಲದ ತ್ಯಾಗಕ್ಕೆ ಈ ಕಥೆಯ ಆಸರೆ ದೊರೆಯದು.

ರತ್ನಕರಂಡಕವು ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ತ್ಯಾಗವನ್ನು ಎರಡಾಗಿ ವಿಂಗಡಿಸುತ್ತದೆ: ಕಾಲಮಿತಿಯುಳ್ಳದ್ದು ನಿಯಮ, ಆಜೀವಪರ್ಯಂತವಾದದ್ದು ಯಮ. ಸೀಟನ್ನು ಬಿಟ್ಟು ಮರುಪರೀಕ್ಷೆಗೆ ನಿಲ್ಲುವವರು ಈ ವಿಭಾಗವನ್ನು ಹೃದ್ಗತ ಮಾಡಿಕೊಳ್ಳಬೇಕು. ವೈದ್ಯವೃತ್ತಿ ಯಮ, ಅದರ ಸಲುವಾಗಿ ಕಾಯುವುದು ನಿಯಮ ಮಾತ್ರ. ಒಂದು ವರ್ಷ, ಒಂದು ಪರೀಕ್ಷೆ ಎಂದು ಆರಂಭದಲ್ಲಿಯೇ ಗೆರೆ ಎಳೆದು, ಆಮೇಲೆ ದೊರೆತದ್ದನ್ನು ಪ್ರಶ್ನಿಸದೆ ಸ್ವೀಕರಿಸುವುದೆಂದು ಮನೆಯವರೆಲ್ಲರ ಎದುರಿಗೆ ಒಪ್ಪಿಕೊಳ್ಳತಕ್ಕದ್ದು. ಗೆರೆಯಿಲ್ಲದ ಕಾಯುವಿಕೆ ಎರಡಾಗಿ, ಮೂರಾಗಿ, ಕೊನೆಗೆ ಪರೀಕ್ಷೆ ಬರೆಯುವುದೇ ವೃತ್ತಿಯಾದಂತಾಗುತ್ತದೆ. ಪಾರಣೆಯ ದಿನವನ್ನೇ ಗೊತ್ತುಪಡಿಸದೆ ಯಾರೂ ಉಪವಾಸಕ್ಕೆ ಕುಳಿತುಕೊಳ್ಳುವುದಿಲ್ಲ.

ಪರರ ಪಾಲು

ಇಷ್ಟರವರೆಗೆ ವಿಚಾರವೆಲ್ಲ ಒಂದೇ ಮನೆಯ ಒಳಗಿನದಾಯಿತು. ಆ ಸೀಟಿನ ಮೇಲೆ ಇನ್ನೊಬ್ಬರ ಕಣ್ಣೂ ಇದೆ. ಪ್ರಾಧಿಕಾರವು ರೂಢಿಗೆ ತಂದಿರುವ ಆಯ್ಕೆಗಳು ನಾಲ್ಕು: ದೊರೆತದ್ದನ್ನು ಒಪ್ಪಿ ಸೇರುವುದು, ಒಪ್ಪಿದರೂ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ದೊರೆತದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹಿಂದೆ ಸರಿಯುವುದು. ಈ ನಾಲ್ಕೂ ಪ್ರಾಮಾಣಿಕವಾದ ಮಾರ್ಗಗಳು. ಸಕಾಲದಲ್ಲಿ ಬಿಟ್ಟ ಸೀಟು ಮುಂದಿನವರಿಗೆ ಸಲ್ಲುತ್ತದೆ.

ಐದನೆಯದೊಂದು ಮಾರ್ಗವನ್ನು ಕೆಲವರು ಕಂಡುಕೊಂಡಿದ್ದಾರೆ: ಬಿಡುವ ಮನಸ್ಸಿಟ್ಟುಕೊಂಡೇ ಸೇರಿ, ಸುತ್ತುಗಳೆಲ್ಲ ಮುಗಿದ ಮೇಲೆ ತರಗತಿಗೆ ಹೋಗದೆ ಮರುಪರೀಕ್ಷೆಗೆ ಓದುವುದು. ಸಿಕ್ಕರೆ ಅಲ್ಲಿ, ಇಲ್ಲವಾದರೆ ಇಲ್ಲಿ ಎಂಬ ಎರಡು ದೋಣಿಯ ಲೆಕ್ಕ ಅದು. ಅವರು ಬಿಟ್ಟುಹೋದರೆ ಸುತ್ತುಗಳು ಮುಗಿದ ಮೇಲೆ ತೆರವಾದ ಆ ಜಾಗ ಬರಿದಾಗಿಯೇ ಉಳಿಯುತ್ತದೆ. ಒಂದು ಅಂಕದಿಂದ ಹಿಂದೆ ಉಳಿದ ಮತ್ತೊಂದು ಊರಿನ ಮಗಳಿಗೆ ಅದು ಸಲ್ಲಬೇಕಾಗಿತ್ತು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಮಾತ್ರ ಅದತ್ತಾದಾನವಲ್ಲ. ತನಗೆ ಬೇಡವಾದದ್ದನ್ನು ಇತರರಿಗೆ ಸಲ್ಲದಂತೆ ಹಿಡಿದಿಡುವುದರಲ್ಲಿಯೂ ಅಚೌರ್ಯಕ್ಕೆ ಕುಂದು ಬರುತ್ತದೆ, ಮಾಯಾಶಲ್ಯವೂ ಸೇರಿಕೊಳ್ಳುತ್ತದೆ. ಕಾನೂನು ವಿಧಿಸುವ ದಂಡವನ್ನು ತೆತ್ತುಬಿಟ್ಟರೆ ಈ ದೋಷ ಕಳೆಯಿತೆಂದು ಶ್ರಾವಕನು ಭಾವಿಸಬಾರದು.

ಪಾಲುದಾರರು ಇನ್ನೂ ಒಬ್ಬರಿದ್ದಾರೆ, ಅವರು ರೋಗಿಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನ ಮನೆಗಳನ್ನು ಇಂದಿಗೂ ಬಿಟ್ಟಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಉಲ್ಬಣಿಸಿ ಸಾವುಗಳಾದಾಗ, ಜ್ವರಪೀಡಿತರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಸಾಗಿಸಬೇಕಾಯಿತು. ಅದೇ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕಾಣಿಸಿಕೊಂಡ ಕೀಲುಮೂಳೆಗಳ ರೋಗವು ಬಡಕುಟುಂಬಗಳ ದುಡಿಯುವ ಮಂದಿಯನ್ನು ನಡೆಯಲಾಗದಂತೆ ಮಾಡಿತು. ಇಂಥ ಮನೆಗಳ ಬಾಗಿಲಿಗೆ ಬರುವ ವೈದ್ಯಳನ್ನು, ನೀನು ಯಾವ ಕಾಲೇಜಿನವಳು ಎಂದು ಯಾವ ರೋಗಿಯೂ ಕೇಳುವುದಿಲ್ಲ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ ವೈದ್ಯೆಯೂ ಲೇಖಕಿಯೂ ಆದ ಡಾ. ಅನುಪಮಾ ನಿರಂಜನರ ಆರೋಗ್ಯವಿಷಯಕ ಪುಸ್ತಕಗಳನ್ನು ಕನ್ನಡದ ಎಷ್ಟೋ ತಾಯಂದಿರು ಓದಿ ಉಪಕೃತರಾಗಿದ್ದಾರೆ. ಅವರಲ್ಲಿ ಎಷ್ಟು ಮಂದಿ ಆಕೆ ಓದಿದ ಕಾಲೇಜಿನ ಹೆಸರನ್ನು ವಿಚಾರಿಸಿದ್ದಾರು?

ಹೀಗೆ ವಿಚಾರಿಸಿದಾಗ ನಿಲ್ಲುವ ನಿರ್ಣಯ ಇಷ್ಟು. ದೊರೆತದ್ದು ಬಯಸಿದ ವಿದ್ಯೆಯೇ ಆಗಿದ್ದು, ಮನೆಯ ಶಕ್ತಿಗೆ ಒಳಪಟ್ಟಿದ್ದರೆ, ಕಾಲೇಜಿನ ಹೆಸರಿಗಾಗಿ ಅದನ್ನು ಬಿಡುವುದು ಶ್ರೇಯಸ್ಕರವಲ್ಲ. ದೊರೆತದ್ದು ಬೇರೆಯೇ ವಿದ್ಯೆಯಾಗಿದ್ದರೆ, ಅಥವಾ ಅದರ ಬೆಲೆ ಮನೆಯ ಪರಿಗ್ರಹಮಿತಿಯನ್ನು ಮುರಿಯುವಂಥದಾಗಿದ್ದರೆ, ಸಕಾಲದಲ್ಲಿ ಬಿಟ್ಟುಕೊಟ್ಟು, ಒಂದೇ ವರ್ಷದ ನಿಯಮವನ್ನು ಹಿಡಿದು ಮರಳಿ ಯತ್ನಿಸುವುದು ಯುಕ್ತ. ಯಾವ ಪಕ್ಷವನ್ನು ಹಿಡಿದರೂ ಮನಸ್ಸಿನಲ್ಲಿ ಮುಳ್ಳನ್ನು ಉಳಿಸಿಕೊಳ್ಳಬಾರದು. ಸೇರಿದ ಮೇಲೆ ಐದು ವರ್ಷವೂ ಬಾರದ ಕಾಲೇಜನ್ನು ನೆನೆದು ಕೊರಗುವುದು, ಬಿಟ್ಟ ಮೇಲೆ ವರ್ಷವಿಡೀ ಬಿಟ್ಟದ್ದನ್ನು ನೆನೆದು ಅಳುವುದು, ಇವೆರಡೂ ಸ್ವೀಕರಿಸಿದ ವ್ರತಕ್ಕೆ ಅತಿಚಾರಗಳೇ.

ಕಲ್ಪಿಸಿಕೊಂಡ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಅಭಿಪ್ರಾಯವನ್ನು ಹೇಳಿಯಾಗಿದೆ, ಹುಡುಗಿಯದೊಂದು ಉಳಿದಿದೆ. ವ್ರತವನ್ನು ಸ್ವೀಕರಿಸುವವರು ಗುರುಸಾಕ್ಷಿಯಾಗಿ ತಮ್ಮ ಬಾಯಿಂದಲೇ ಸಂಕಲ್ಪವನ್ನು ಉಚ್ಚರಿಸಬೇಕೆಂಬುದು ಪದ್ಧತಿ. ಗಡುವಿನ ಎರಡು ದಿನಗಳಲ್ಲಿ ಒಂದು ದಿನವನ್ನು ಅವಳ ಮಾತನ್ನು ಕೇಳುವುದಕ್ಕೆ ಮೀಸಲಿಡುವುದು ಹಿರಿಯರ ಮೊದಲ ಕರ್ತವ್ಯ.